ಶನಿವಾರ, ಎರಡು ಮುಚ್ಚಳ

ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತರು ಬೀದಿಗಿಳಿದರೆ ಊರಿನ ತಕ್ಕಡಿಗಳು ನೆಟ್ಟಗೆ ನಿಲ್ಲುತ್ತಿದ್ದವು ಎಂದರೆ ಅದರಲ್ಲಿ ಸುಳ್ಳು ಸ್ವಲ್ಪವೇ ಸೇರಿದೆ, ಬಹಳವಿಲ್ಲ. ಹಾಲಿನವನ ಲೀಟರು, ಬಟ್ಟೆಯವನ ಮೀಟರು, ಅಕ್ಕಸಾಲಿಗನ ಪುಟಾಣಿ ತೂಕದ ಬಿಲ್ಲೆ, ಎಲ್ಲದರ ಬೆನ್ನ ಮೇಲೂ ಅವರ ಕಚೇರಿಯ ಮುದ್ರೆ ಬೀಳಬೇಕು. ಬೀಳದಿದ್ದರೆ ಅದು ಅಳತೆಯೇ ಅಲ್ಲ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮನುಷ್ಯನ ಮನೆಯೊಳಗೇ ಎರಡು ವರ್ಷ ಒಂದು ಅಳತೆ ವಾರ ತಪ್ಪದೆ ನಡೆಯಿತು. ಅದಕ್ಕೆ ಮುದ್ರೆ ಇರಲಿಲ್ಲ. ಅವರಿಗೆ ಸುದ್ದಿಯೂ ಇರಲಿಲ್ಲ.

ಗುಮಾಸ್ತರಿಗೆ ದುಶ್ಚಟ ಅಂತ ಯಾವುದೂ ಇರಲಿಲ್ಲ, ಒಂದು ಮಾತನ್ನು ಬಿಟ್ಟರೆ. ಯಾರೇ ಸಿಗಲಿ, ಮಾತು ಎಲ್ಲಿಂದಲೇ ಶುರುವಾಗಲಿ, ಮೂರನೆಯ ವಾಕ್ಯಕ್ಕೆ ಅವರು ಕಾರಿನ ಹತ್ತಿರ ಬಂದು ನಿಲ್ಲುತ್ತಿದ್ದರು.

"ಹನ್ನೊಂದು ವರ್ಷ ಆಯ್ತು. ಒಂದು ದಿನ ಗ್ಯಾರೇಜಿನ ಮುಖ ನೋಡಿಲ್ಲ."

"ಆಯಿಲ್ ಬದಲಾಯಿಸೋಕೂ ಹೋಗಿಲ್ವೇ?" ಎಂದು ಯಾರಾದರೂ ಕೊಕ್ಕೆ ಹಾಕಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಅದು ಪೆಟ್ರೋಲ್ ಬಂಕಿನಲ್ಲೇ ಆಗುತ್ತೆ. ಅದು ಕ್ಷೌರ ಇದ್ದ ಹಾಗೆ ಸ್ವಾಮಿ. ಕ್ಷೌರ ಮಾಡಿಸಿಕೊಂಡವನನ್ನ ರೋಗಿ ಅಂತೀರಾ?"

ಈ ಮಾತು ನಡೆಯುವಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರೆ, ಮುಗಿಯುವವರೆಗೆ ಕೇಳಿಸಿಕೊಂಡು, "ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋಗುತ್ತಿದ್ದಳು. ಒಲೆ ಮೇಲೆ ಯಾವಾಗಲೂ ಹಾಲಿರುತ್ತಿತ್ತೇ ಎಂದು ಗುಮಾಸ್ತರು ಯಾವತ್ತೂ ಯೋಚಿಸಲಿಲ್ಲ.

ಐದು ತಿಂಗಳ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಆಕೆ ಒಗೆದ ಬಟ್ಟೆ ಹರವಿ ಒಳಗೆ ಬಂದು, ಎದೆ ಯಾಕೋ ಬಿಗಿಯುತ್ತಿದೆ ಎಂದು ಪಕ್ಕದ ಮನೆಯವರಿಗೆ ಹೇಳಿ, ಕುರ್ಚಿಯ ಮೇಲೆ ಕೂತಳು. ಗುಮಾಸ್ತರು ಕಚೇರಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಗ್ಗದ ಮೇಲೆ ಬಟ್ಟೆ ಇನ್ನೂ ಒದ್ದೆಯಾಗಿತ್ತು.

ಗುಮಾಸ್ತರು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದರು, ಹೊರಟವರಿಗೆ ಚಪ್ಪಲಿ ಹುಡುಕಿಕೊಟ್ಟರು, ಕಣ್ಣು ಮಾತ್ರ ಒಣಗಿಯೇ ಇತ್ತು. ನೆಂಟರು ಇದನ್ನು ಗಮನಿಸಿದರು. ಮೂಲೆಯಲ್ಲಿ ಕೂತು ಅಳತೆ ಹಾಕಿದರು. ಇಪ್ಪತ್ತೆಂಟು ವರ್ಷದ ಸಂಸಾರಕ್ಕೆ ಎಷ್ಟು ಕಣ್ಣೀರು ನ್ಯಾಯ, ಇವರು ಎಷ್ಟು ಕಡಿಮೆ ಕೊಟ್ಟರು ಎಂಬ ವಿಚಾರದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಗುಮಾಸ್ತರ ಅಕ್ಕ ಅದನ್ನು ಬಾಯಿಬಿಟ್ಟೇ ಹೇಳಿದಳು.

"ನಿಮ್ಮ ಕಚೇರೀಲಿ ತೂಕದ ಕಲ್ಲು ಇರುತ್ತಲ್ಲ, ನೀನು ಅದೇ ಕಣೋ. ಮೇಲೊಂದು ಮುದ್ರೆ ಒತ್ತಿದರೆ ಮುಗೀತು."

ಹೀಗೆ ಹೇಳಿದ ಅಕ್ಕ ವಾಪಸು ಹೋಗಲಿಲ್ಲ. ತಮ್ಮ ಒಂಟಿಯಾದ ಎಂದು ಅಲ್ಲೇ ಉಳಿದಳು. ಆಕೆಗೆ ದುಃಖ ಬಂದಾಗ ಮನೆ ಗುಡಿಸುವ ಅಭ್ಯಾಸ. ಅಡುಗೆಮನೆಯಿಂದ ಶುರುಮಾಡಿ, ನಡುಮನೆ ದಾಟಿ, ಮೂರನೆಯ ದಿನ ಕಾರು ನಿಲ್ಲಿಸುವ ಶೆಡ್ಡಿಗೆ ಬಂದಳು. ಕಾರಿನ ಹೊಟ್ಟೆಯ ಕೆಳಗೆ ಅಟ್ಟೆಪೆಟ್ಟಿಗೆಯ ದೊಡ್ಡ ರಟ್ಟಿನ ಹಾಳೆಯೊಂದು ಹಾಸಿತ್ತು. ತುಂಬ ಕಲೆ. ಕಲೆಗಳ ಸುತ್ತ ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ತಾರೀಖು.

"ಇದೆಂಥ ಕಸ ಇಟ್ಕೊಂಡಿದ್ಲಪ್ಪ" ಎಂದು ಅಕ್ಕ ಅದನ್ನು ಮಡಚಿ ಕಸದ ಗಾಡಿಗೆ ಹಾಕಿದಳು. ಎರಡು ವರ್ಷದ ದಾಖಲೆ ಎರಡು ನಿಮಿಷದಲ್ಲಿ ಊರಾಚೆ ಹೋಯಿತು.

ತಿಂಗಳುಗಳು ಕಳೆದವು. ಒಂದು ದಿನ ಗುಮಾಸ್ತರಿಗೆ ತಲೆನೋವು ಬಂತು. ಮಾತ್ರೆಗಾಗಿ ಔಷಧಿ ಡಬ್ಬಿ ತೆಗೆದರು. ಜ್ವರದ ಕಡ್ಡಿ, ಬ್ಯಾಂಡೇಜು, ಅರ್ಧ ತಿಂದ ಮಾತ್ರೆಗಳ ಹಾಳೆ, ಇವುಗಳ ಹಿಂದೆ, ಯಾರ ಕೈಗೂ ಸುಲಭಕ್ಕೆ ಸಿಗದ ಹಾಗೆ, ಕೆಮ್ಮಿನ ಸಿರಪ್ಪಿನ ಹಳೇ ಬಾಟಲಿಯೊಂದಿತ್ತು. ಕಂಪನಿಯ ಚೀಟಿಯನ್ನು ನೆನೆಸಿ ಕಿತ್ತು, ಬಿಳಿ ಕಾಗದ ಅಂಟಿಸಿತ್ತು. ಅದರ ಮೇಲೆ ಹೆಂಡತಿಯ ದುಂಡು ಅಕ್ಷರ.

ಶನಿವಾರ. ಎರಡು ಮುಚ್ಚಳ.

ಒಳಗೆ ಕೆಂಪು ದ್ರವ. ಜಿಗುಟಾಗಿತ್ತು, ದಾಳಿಂಬೆ ಬಣ್ಣ.

ಗುಮಾಸ್ತರ ತಲೆನೋವು ಹೋಯಿತು. ಅದಕ್ಕಿಂತ ದೊಡ್ಡದು ಬಂತು.

"ಅಕ್ಕ, ಅವಳಿಗೆ ಏನೋ ಕಾಯಿಲೆ ಇತ್ತು."

"ಏನ್ ಕಾಯಿಲೆ?"

"ಗೊತ್ತಿಲ್ಲ. ನನಗೆ ಹೇಳಿಲ್ಲ. ಶನಿವಾರ ಶನಿವಾರ ಔಷಧಿ ತಗೊಳ್ತಿದ್ಲು. ನಾನು ಶನಿವಾರ ಸಂತೆ ತಪಾಸಣೆಗೆ ಹೋಗ್ತೀನಲ್ಲ, ಆಗ."

ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಒಂದು ಹನಿ ಬೆರಳಿಗೆ ಹಾಕಿ ಉಜ್ಜಿದಳು. ಜಾರುತ್ತಿತ್ತು. "ಇದು ಕುಡಿಯೋದಲ್ಲ ಕಣೋ, ಹಚ್ಚೋದು. ಮಂಡಿ ನೋವಿನ ಎಣ್ಣೆ." ಹಾಗೆಂದವಳೇ ತನ್ನ ಎಡಮಂಡಿಗೆ ಒಂದು ಮುಚ್ಚಳ, ಬಲಮಂಡಿಗೆ ಒಂದು ಮುಚ್ಚಳ ಸುರಿದು ತಿಕ್ಕಿಕೊಂಡಳು. ಎದ್ದು ನಾಲ್ಕು ಹೆಜ್ಜೆ ನಡೆದಳು. "ಹಗುರ ಆಯ್ತು. ಪಾಪ, ಮಂಡಿ ನೋವು ಅಂತ ಒಂದು ದಿನ ಬಾಯಿ ಬಿಟ್ಟಿರಲಿಲ್ಲ ಆ ಹುಡುಗಿ."

"ಅಕ್ಕ, ಅದು ಅವಳ ಔಷಧಿ."

"ಅವಳಿಗೆ ಇನ್ನೇನು ಬೇಕೋ?" ಎಂದು ಅಕ್ಕ ಹೇಳಿ, ಹೇಳಿದ್ದು ತಪ್ಪಾಯಿತು ಅನಿಸಿ, ಸುಮ್ಮನೆ ಬಾಟಲಿ ಮುಚ್ಚಿ ಕೊಟ್ಟಳು.

ಮರುದಿನ ಗುಮಾಸ್ತರು ಕಚೇರಿಯಿಂದ ಅಳತೆಯ ಗಾಜಿನ ಕೊಳವೆ ತಂದರು. ನೀರು ತುಂಬಿ ಆ ಮುಚ್ಚಳವನ್ನು ಅಳೆದರು. ಮುಚ್ಚಳಕ್ಕೆ ಐದು ಮಿಲಿ. ಎರಡಕ್ಕೆ ಹತ್ತು. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ಬಾಟಲಿ ನೂರರದು, ಅಕ್ಕನ ಮಂಡಿಗಳ ಪಾಲನ್ನು ಸೇರಿಸಿದರೆ ಅರವತ್ತು ಉಳಿದಿತ್ತು. ಅಂದರೆ ಕೊನೆಯ ಬಾಟಲಿಯಲ್ಲಿ ಆಕೆ ನಾಲ್ಕು ಶನಿವಾರ ತೆಗೆದುಕೊಂಡಿದ್ದಳು. ಲೆಕ್ಕ ಸರಿಯಾಗಿ ಬಂತು. ಕಾಯಿಲೆಯ ಹೆಸರೊಂದು ಬರಲಿಲ್ಲ.

ಸಂಜೆ ಶೆಡ್ಡಿಗೆ ಹೋದಾಗ ನೆಲದ ಮೇಲೆ ಅದೇ ಕೆಂಪು ಕಂಡಿತು.

ಕಾರಿನ ಮೂತಿಯ ಕೆಳಗೆ, ಅಟ್ಟೆಹಾಳೆ ಇದ್ದ ಜಾಗದಲ್ಲಿ, ಐದಾರು ಕೆಂಪು ಹನಿ. ಗುಮಾಸ್ತರು ಮಂಡಿಯೂರಿ ಬೆರಳಿಗೆ ತಾಗಿಸಿ, ಬಾಟಲಿಯ ಪಕ್ಕ ಹಿಡಿದು ನೋಡಿದರು. ಅದೇ ಬಣ್ಣ, ಅದೇ ಜಿಗುಟು. ತಪಾಸಣೆಯಲ್ಲಿ ಪಳಗಿದ ಅವರ ಬುದ್ಧಿ ಕೂಡಲೇ ಒಂದು ತೀರ್ಮಾನಕ್ಕೆ ಬಂತು. ಒಳಗೆ ಕುಡಿದರೆ ಯಾರಾದರೂ ನೋಡುತ್ತಾರೆಂದು ಆಕೆ ಇಲ್ಲಿ ಬಂದು, ಕತ್ತಲ ಶೆಡ್ಡಿನಲ್ಲಿ ಒಬ್ಬಳೇ ನಿಂತು ಔಷಧಿ ಕುಡಿಯುತ್ತಿದ್ದಳು. ಕೈ ನಡುಗುತ್ತಿತ್ತು. ಅದಕ್ಕೇ ಚೆಲ್ಲಿದೆ.

ಎಂಥ ತೀರ್ಮಾನ ನೋಡಿ. ಆ ಹನಿಗಳ ತಲೆಯ ಮೇಲೆ ಒಂದು ಕಾರು ನಿಂತಿತ್ತು, ಆ ಕಾರನ್ನೊಂದು ಬಿಟ್ಟು ಲೋಕದ ಎಲ್ಲರ ಮೇಲೂ ಗುಮಾಸ್ತರ ಅನುಮಾನ ಹೋಯಿತು.

ಗೋಡೆಯ ಆಚೆ ಕಿಟಕಿಯಲ್ಲಿ ಪಕ್ಕದ ಮನೆಯ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಆ ಕಿಟಕಿಯಿಂದ ಅವನಿಗೆ ಶೆಡ್ಡು, ಓಣಿ, ಎದುರುಮನೆಯ ಊಟದ ಮೇಜು ಮೂರೂ ಕಾಣುತ್ತಿದ್ದವು. ಹಾಗಾಗಿ ಓಣಿಯ ಬಟ್ಟೆಯ ಜೊತೆಗೆ ಓಣಿಯ ಸುದ್ದಿಯನ್ನೂ ಅವನೇ ಹೊಲಿದು ಹಂಚುತ್ತಿದ್ದ.

"ಶನಿವಾರ ಅವಳು ಇಲ್ಲಿ ಬರ್ತಿದ್ಲಾ?" ಎಂದು ಗುಮಾಸ್ತರು ಕೇಳಿದರು.

ಟೈಲರ್ ಯಂತ್ರ ನಿಲ್ಲಿಸಿದ. "ಬರ್ತಿದ್ರು ಸಾರ್. ನೀವು ಕಚೇರಿ ಜೀಪಲ್ಲಿ ಆ ಕಡೆ ಹೋದ್ರೆ ಅಮ್ಮನವರು ಈ ಕಡೆ ಬರೋರು. ಬಾನೆಟ್ ತೆಗೆದು ಮುಂದೆ ನಿಂತ್ಕೊಳ್ಳೋರು. ಆಮೇಲೆ ಡ್ರೈವರ್ ಸೀಟಲ್ಲಿ ಕೂತು, ಸ್ಟೀರಿಂಗ್ ಹಿಡ್ಕೊಂಡು, ಪದ್ಯ ಹೇಳ್ಕೊಳ್ಳೋರು."

"ಪದ್ಯ?"

"ದೇವರ ಪದ್ಯ. ನಾಲ್ಕೇ ಸಾಲು. ಎಳೆದು ಎಳೆದು ಹೇಳೋರು. ಆ ಪದ್ಯ ಮುಗಿಯೋವರೆಗೆ ನಾನೂ ಯಂತ್ರ ತುಳೀತಿರಲಿಲ್ಲ." ಟೈಲರ್ ಸ್ವಲ್ಪ ಹಿಂಜರಿದ. "ಡ್ರೈವಿಂಗ್ ಕಲೀಬೇಕು ಅಂತ ಆಸೆ ಇತ್ತೇನೋ ಅಂದ್ಕೊಂಡೆ ಸಾರ್."

ಗುಮಾಸ್ತರಿಗೆ ನೆನಪಾಯಿತು. ಒಂದು ಸಲ ಆಕೆ ನಿಜಕ್ಕೂ ಕೇಳಿದ್ದಳು, ನನಗೂ ಕಲಿಸ್ತೀರಾ ಅಂತ. ಅವರು ನಕ್ಕಿದ್ದರು. ಎಷ್ಟು ಹೊತ್ತು ನಕ್ಕಿದ್ದರು ಎಂಬುದೂ ನೆನಪಾಯಿತು.

ನೆಲವನ್ನು ಒರೆಸಿದರು. ಮರುದಿನ ಕಲೆ ಮತ್ತೆ ಬಂತು. ಮತ್ತೆ ಒರೆಸಿದರು. ಅದರ ಮರುದಿನ ಇನ್ನೂ ಎರಡು ಹನಿ ಹೆಚ್ಚಾಗಿತ್ತು. ಟೈಲರ್ ಕಿಟಕಿಯಿಂದ ಇದನ್ನು ನೋಡಿ, ದನಿ ತಗ್ಗಿಸಿ ಹೇಳಿದ. "ಒರೆಸಿದ್ರೂ ಬರ್ತಿದೆ ಅಂದ್ರೆ..." ವಾಕ್ಯವನ್ನು ಅವನು ಮುಗಿಸಲಿಲ್ಲ. ಮುಗಿಸದ ವಾಕ್ಯಗಳು ಬೇಗ ಓಡುತ್ತವೆ. ಸಂಜೆಯೊಳಗೆ ಓಣಿಯ ಹೆಂಗಸರು ಆ ಶೆಡ್ಡಿನ ಮುಂದೆ ದನಿಯಿಳಿಸಿ ನಡೆಯತೊಡಗಿದರು. ಅಕ್ಕ ಆ ಜಾಗವನ್ನು ಯಾರೂ ತುಳಿಯಬಾರದೆಂದು ಒಂದು ಸ್ಟೂಲು ತಂದಿಟ್ಟಳು.

ಸಾಲದ್ದಕ್ಕೆ ಕಾರು ಅಳಲು ಶುರುಮಾಡಿತು.

ನೇರ ಹೋಗುವಾಗ ಸುಮ್ಮನಿರುತ್ತಿತ್ತು. ತಿರುವು ಬಂದು ಸ್ಟೀರಿಂಗ್ ತಿರುಗಿಸಿದರೆ ಒಳಗಿನಿಂದ ಒಂದು ನರಳಾಟ ಏಳುತ್ತಿತ್ತು, ಊಂ ಎಂದು ಸಣ್ಣಗೆ ಶುರುವಾಗಿ, ತಿರುವು ಕಡಿದಾದಷ್ಟೂ ಜೋರಾಗಿ, ಕೊನೆಗೆ ಬಿಕ್ಕಳಿಸಿ ನಿಲ್ಲುವಂಥದ್ದು. ಸ್ಟೀರಿಂಗ್ ಕೂಡ ಗಾಣದ ಹಾಗೆ ಭಾರ. ಊಟ ಸೇರದೆ ತೋಳಿನಲ್ಲಿ ಕಸುವಿಲ್ಲ ಎಂದು ಗುಮಾಸ್ತರು ಅದಕ್ಕೂ ಕಾರಣ ಕೊಟ್ಟುಕೊಂಡರು. ಹನ್ನೊಂದು ವರ್ಷ ಗ್ಯಾರೇಜು ನೋಡದ ಕಾರಿಗೆ ಏನಾದರೂ ಆಗಿರಬಹುದು ಎಂಬ ಯೋಚನೆ ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ.

ಓಣಿಯ ತಿರುವಿನಲ್ಲಿ ದಿನಕ್ಕೆರಡು ಸಲ ಆ ಸದ್ದು ಕೇಳಿದವರು ತಮ್ಮದೇ ತೀರ್ಪು ಕೊಟ್ಟರು.

"ಕಾರಿಗಿರೋ ಕರುಳು ಮನುಷ್ಯನಿಗಿಲ್ಲ ನೋಡು" ಎಂದಳು ಅಕ್ಕ, ತಮ್ಮನಿಗೆ ಕೇಳುವ ಹಾಗೆಯೇ. "ಅದು ಅಳುತ್ತೆ."

ಗುಮಾಸ್ತರ ತಲೆಯಲ್ಲಿ ಹೆಂಡತಿಯ ಕಾಯಿಲೆಯೊಂದೇ ಸುತ್ತುತ್ತಿತ್ತು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು, ಅವಳ ನೋವು ಕಣ್ಣಿಗೆ ಬೀಳಲಿಲ್ಲವೆಂದರೆ ತಾನು ನೋಡಿದ್ದಾದರೂ ಏನು? ಅದನ್ನು ತಿಳಿದುಕೊಳ್ಳಲೇಬೇಕೆಂದು ಕಚೇರಿಗೆ ರಜೆ ಹಾಕಿ, ಬಾಟಲಿಯನ್ನು ಪಕ್ಕದ ಸೀಟಿನ ಮೇಲೆ ಕೂರಿಸಿ, ಉರುಳದಿರಲೆಂದು ಬೆಲ್ಟ್ ಕಟ್ಟಿ ಹೊರಟರು.

ಡಾಕ್ಟರು ವಯಸ್ಸಾದವರು. ಮನೆಯವರನ್ನೆಲ್ಲ ಬಲ್ಲವರು. ಬಾಟಲಿ ಬಿಚ್ಚಿ ಮೂಸಿ, ಮುಖ ಹಿಂದಕ್ಕೆ ತೆಗೆದರು.

"ಇದು ನಾನು ಬರೆದದ್ದಲ್ಲ. ಇದನ್ನ ಕುಡೀತಿದ್ರು ಅಂತ ಯಾರು ಹೇಳಿದ್ದು?"

"ಚೀಟಿ ಹೇಳುತ್ತೆ. ಅವಳದೇ ಅಕ್ಷರ."

"ನೋಡಿ, ನಿಮ್ಮ ಮನೆಯವರಿಗೆ ಕಾಯಿಲೆ ಇರಲಿಲ್ಲ. ಹೃದಯ ನಿಂತುಹೋಯ್ತು. ಕೆಲವು ಸಲ ಮುನ್ಸೂಚನೆ ಕೊಡದೆ ನಿಲ್ಲುತ್ತೆ. ಅದರಲ್ಲಿ ನಿಮ್ಮ ತಪ್ಪಿಲ್ಲ."

"ಹಾಗಾದ್ರೆ ಶನಿವಾರ ಎರಡು ಮುಚ್ಚಳ ಯಾಕೆ?"

ಡಾಕ್ಟರು ಬಾಟಲಿಯನ್ನು ಮುಚ್ಚಿ ವಾಪಸು ಕೊಟ್ಟರು. ತಿಳಿಯದ್ದನ್ನೆಲ್ಲ ಕಳಿಸುವ ಜಾಗಕ್ಕೆ ಅವರನ್ನೂ ಕಳಿಸಿದರು, ರಸ್ತೆಯಾಚೆಯ ಪರೀಕ್ಷಾ ಕೇಂದ್ರಕ್ಕೆ.

ಅಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತಿದ್ದವನು ತಲೆ ಎತ್ತದೆ ಅರ್ಜಿ ಚಾಚಿದ.

"ರಕ್ತನಾ, ಮೂತ್ರನಾ?"

"ಎರಡೂ ಅಲ್ಲ. ಔಷಧಿ. ಯಾವ ಕಾಯಿಲೆಗೆ ಕೊಡ್ತಾರೆ ಅಂತ ತಿಳೀಬೇಕು."

"ಅರ್ಜೀಲಿ ಎರಡೇ ಮನೆ ಇರೋದು. ಒಂದಕ್ಕೆ ಗುರುತು ಹಾಕಿ."

ಗುಮಾಸ್ತರು ಬಾಟಲಿಯನ್ನು ನೋಡಿ, ಬಣ್ಣದ ಆಧಾರದ ಮೇಲೆ, ರಕ್ತ ಎಂಬಲ್ಲಿ ಗುರುತು ಹಾಕಿದರು. ಕಚೇರಿಯವನ ಕಷ್ಟ ಕಚೇರಿಯವನಿಗೇ ಗೊತ್ತು.

"ರೋಗಿಯ ವಯಸ್ಸು?"

"ಐವತ್ತೊಂದು. ಐವತ್ತೆರಡಾಗೋದರಲ್ಲಿತ್ತು."

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾರಾ?"

ಗುಮಾಸ್ತರು ಬಾಟಲಿಯ ಮೇಲಿನ ಅಕ್ಷರ ನೋಡಿದರು. "ಇಲ್ಲ" ಎಂದರು.

"ಒಳ್ಳೇದಾಯ್ತು. ರೋಗೀನ ಒಳಗೆ ಕಳಿಸಿ."

"ಅವಳು ಬರೋಹಾಗಿಲ್ಲ."

"ಹಾಗಾದ್ರೆ ನಾಳೆ ಕರ್ಕೊಂಡು ಬನ್ನಿ" ಎಂದು ಅವನು ಅರ್ಜಿಯನ್ನು ಹಿಂದಕ್ಕೆ ತಳ್ಳಿದ.

ಗುಮಾಸ್ತರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಕಾರು ಹತ್ತಿದರು. ದೊಡ್ಡ ರಸ್ತೆ ಅಗೆದಿದ್ದರಿಂದ ಮಾರುಕಟ್ಟೆಯ ಹಿಂದಿನ ಬೀದಿಗೆ ಇಳಿದರು. ಅದು ಇಕ್ಕಟ್ಟಿನ ಬೀದಿ. ಮೊದಲ ತಿರುವಿಗೇ ಕಾರು ಜೋರಾಗಿ ನರಳಿತು. ಎರಡನೆಯದಕ್ಕೆ ಊಳಿಟ್ಟಿತು. ಮೂರನೆಯ ತಿರುವಿನಲ್ಲಿ ಗುಮಾಸ್ತರು ಎರಡು ಕೈ ಹಾಕಿ, ಎದೆಯಾನಿಸಿ ಎಳೆದರೂ ಸ್ಟೀರಿಂಗ್ ಅರ್ಧಕ್ಕೇ ನಿಂತಿತು. ಕಾರು ತಿರುಗುವ ಬದಲು ಮೆಲ್ಲಗೆ ನೇರ ಹೋಗಿ, ಒಂದು ತಗಡಿನ ಶೆಡ್ಡಿನ ಬಾಗಿಲಿಗೆ ಮೂತಿ ತಾಗಿಸಿ ನಿಂತುಬಿಟ್ಟಿತು, ದನ ಕೊಟ್ಟಿಗೆಗೆ ಬಂದು ನಿಲ್ಲುವ ಹಾಗೆ.

ಶೆಡ್ಡಿನ ನೆತ್ತಿಯ ಮೇಲಿದ್ದ ಹಲಗೆಯನ್ನು ಗುಮಾಸ್ತರು ಎರಡು ಸಲ ಓದಿದರು. ಅದು ಗ್ಯಾರೇಜು.

ಒಳಗಿಂದ ಒಬ್ಬ ಮೆಕ್ಯಾನಿಕ್ ಬಂದ. ಮಾತು ಕಡಿಮೆ ಎಂದು ಆ ಬೀದಿಯವರು ಅವನನ್ನು ಸೈಲೆನ್ಸರ್ ಎಂದು ಕರೆಯುತ್ತಿದ್ದರು. ಕಾರನ್ನು ನೋಡಿದ. ಕಿಟಕಿಯಿಂದ ಬಗ್ಗಿ, ಬೆಲ್ಟ್ ಕಟ್ಟಿಕೊಂಡು ಕೂತಿದ್ದ ಬಾಟಲಿಯನ್ನು ನೋಡಿದ. ಏನೂ ಕೇಳದೆ ಬೆಲ್ಟ್ ಬಿಚ್ಚಿ ಬಾಟಲಿ ಎತ್ತಿಕೊಂಡ. ಬಾನೆಟ್ ತೆಗೆದ. ಮೂಲೆಯಲ್ಲಿದ್ದ ಸಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ, ಅದರೊಳಗೆ ಎರಡು ಮುಚ್ಚಳ ಅಳೆದು ಸುರಿದ. ಬಗ್ಗಿ ನೋಡಿ, ತಲೆಯಾಡಿಸಿ, ಬಾಟಲಿಯನ್ನೇ ಬೋರಲು ಹಾಕಿದ.

ಗುಮಾಸ್ತರು ಬಾಗಿಲು ತೆಗೆದು ಓಡಿ ಬರುವಷ್ಟರಲ್ಲಿ ಬಾಟಲಿಯಲ್ಲಿ ಕೊನೆಯ ಹನಿ ಜಾರುತ್ತಿತ್ತು.

"ಏನ್ರೀ ಮಾಡಿದ್ರಿ. ಅದು ನನ್ನ ಹೆಂಡತಿ ಔಷಧಿ."

"ಗೊತ್ತು ಸಾರ್" ಎಂದ ಮೆಕ್ಯಾನಿಕ್. "ನಾನೇ ಕೊಟ್ಟಿದ್ದು."

ಗುಮಾಸ್ತರು ಬಾನೆಟ್ಟಿನ ಅಂಚು ಹಿಡಿದುಕೊಂಡರು.

"ಯಾವ ಕಾಯಿಲೆಗೆ?"

"ಪವರ್ ಸ್ಟೀರಿಂಗ್ ಸೋರಿಕೆಗೆ."

ಅವನಿಗೆ ಅಷ್ಟೇ ಸಾಕಿತ್ತು. ಗುಮಾಸ್ತರಿಗೆ ಸಾಲಲಿಲ್ಲ. ಅವರ ಮುಖ ನೋಡಿ, ಆ ಮನುಷ್ಯ ವರ್ಷಕ್ಕಾಗುವಷ್ಟು ಮಾತನ್ನು ಅವತ್ತು ಒಂದೇ ಸಲ ಆಡಿದ.

"ಎರಡು ವರ್ಷ ಆಯ್ತು ಸಾರ್. ಅಮ್ಮನವರು ನಡ್ಕೊಂಡು ಬಂದ್ರು. ಕೈಯಲ್ಲಿ ಒಂದು ಅಟ್ಟೆ ತುಂಡು, ಅದರ ಮೇಲೆ ಕೆಂಪು ಕಲೆ. 'ಇದು ಯಾವುದರಿಂದ ಬೀಳುತ್ತೆ ನೋಡಿ' ಅಂದ್ರು. ಬಣ್ಣ ನೋಡಿದ್ರೆ ಗೊತ್ತಾಗುತ್ತೆ. ಕಪ್ಪು ಅಂದ್ರೆ ಇಂಜಿನ್ದು, ಕೆಂಪು ಅಂದ್ರೆ ಇದು. ಕಾರು ತನ್ನಿ, ಅರ್ಧ ಗಂಟೆ ಕೆಲಸ ಅಂದೆ. ಆಗಲ್ಲ ಅಂದ್ರು."

"ಯಾಕಂತೆ?"

ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಅತ್ತಿತ್ತ ತಿರುಗಿಸಿದ. "'ಅವರು ಊರಿಗೆಲ್ಲ ಹೇಳ್ಕೊಂಡಿದಾರೆ, ಈ ಕಾರು ಗ್ಯಾರೇಜಿಗೆ ಹೋಗಿಲ್ಲ ಅಂತ. ಅವರಿಗಿರೋ ಖುಷಿ ಅದೊಂದೇ. ಅದನ್ನ ನಾನು ಕೆಡಿಸಲ್ಲ, ಬೇರೆ ದಾರಿ ಇದ್ರೆ ಹೇಳಿ' ಅಂದ್ರು. ಸೋರೋದು ಕಡಿಮೆ ಇತ್ತು. ವಾರಕ್ಕೆ ಎರಡು ಮುಚ್ಚಳ ಹಾಕಿ, ಇಂಜಿನ್ ಹಾಕಿ, ಸ್ಟೀರಿಂಗನ್ನ ನಿಧಾನಕ್ಕೆ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಪೈಪಲ್ಲಿರೋ ಗಾಳಿ ಹೋಗುತ್ತೆ, ಮೂವತ್ತು ಎಣಿಸೋವಷ್ಟು ನಿಧಾನ ಅಂದೆ. 'ನಂಗೆ ಎಣಿಕೆ ತಪ್ಪುತ್ತೆ, ಪದ್ಯ ತಪ್ಪಲ್ಲ. ಒಂದು ಪದ್ಯದ ಉದ್ದ ಸಾಕಾ?' ಅಂದ್ರು. ಇಲ್ಲೇ ನಿಂತು ಹೇಳಿ ತೋರಿಸಿದ್ರು. ಸರಿಯಾಗಿತ್ತು."

ಗುಮಾಸ್ತರು ಡ್ರೈವರ್ ಸೀಟಿನ ಕಡೆ ತಿರುಗಿ ನೋಡಿದರು.

"ಎರಡು ತಿಂಗಳು ಕಳೆದ್ರೆ ಖಾಲಿ ಬಾಟ್ಲಿ ತರೋರು, ತುಂಬಿಸಿ ಕೊಡ್ತಿದ್ದೆ. ಈ ಸಲ ಬಂದೇ ಇಲ್ಲ. ಹುಷಾರಾಗಿದಾರಾ ಸಾರ್?"

ಈ ಐದು ತಿಂಗಳಲ್ಲಿ ಆ ಸುದ್ದಿಯನ್ನು ಗುಮಾಸ್ತರು ಒಮ್ಮೆಯೂ ತಮ್ಮ ಬಾಯಿಂದ ಹೇಳಿರಲಿಲ್ಲ. ಅಕ್ಕ ಹೇಳಿದ್ದಳು, ಟೈಲರ್ ಹೇಳಿದ್ದ, ಕಚೇರಿಯ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು. ಈಗ ಹೇಳಲು ಬೇರೆ ಯಾರೂ ಇರಲಿಲ್ಲ.

"ಅವಳು ಹೋಗಿಬಿಟ್ಳು" ಎಂದರು.

ಮೆಕ್ಯಾನಿಕ್ ಖಾಲಿ ಬಾಟಲಿಯನ್ನು ನೋಡಿದ, ಅದರ ಮೇಲಿನ ಅಕ್ಷರವನ್ನು ನೋಡಿದ. ಬಟ್ಟೆಯಿಂದ ಅದರ ಹೊರಮೈ ಒರೆಸಿ, ಎತ್ತರದ ಹಲಗೆಯ ಮೇಲೆ, ಎಣ್ಣೆ ಕೈ ತಾಗದ ಕಡೆ ಇಟ್ಟ. ಒಂದು ಕುರ್ಚಿ ತಂದು ಹಾಕಿದ. ಆಮೇಲೆ ತನ್ನ ಹೆಸರಿಗೆ ತಕ್ಕ ಹಾಗೆ ಸುಮ್ಮನಾಗಿ, ಕಾರನ್ನು ಒಳಗೆ ತಳ್ಳಿಕೊಂಡು ಕೆಲಸಕ್ಕಿಳಿದ.

ಮೊದಲು ಆ ಡಬ್ಬಿ, ಪಂಪು, ಪೈಪುಗಳನ್ನೆಲ್ಲ ಉಜ್ಜಿ ಒರೆಸಿ ಒಣಗಿಸಿದ. ಆಮೇಲೆ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದ. ಬೇರೆ ದಿನವಾಗಿದ್ದರೆ ಗುಮಾಸ್ತರು ಇದರ ಮೇಲೆ ನಾಲ್ಕು ಮಾತಾಡುತ್ತಿದ್ದರು. ಪೈಪಿನ ಜೋಡಣೆಗಳ ಮೇಲೆಲ್ಲ ಬೆಳ್ಳಗೆ ಪೌಡರು ಉದುರಿಸಿ, "ಇಂಜಿನ್ ಹಾಕಿ, ಸ್ಟೀರಿಂಗ್ ತಿರುಗಿಸಿ" ಎಂದ. ಗುಮಾಸ್ತರು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು.

"ಬನ್ನಿ ನೋಡಿ."

ಡಬ್ಬಿಯ ಕಡೆಗೆ ಎಣ್ಣೆ ವಾಪಸು ಬರುವ ರಬ್ಬರ್ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಕೆಳಗೆ, ಬಿಳೀ ಪೌಡರಿನ ಮೇಲೆ ಒಂದು ಕೆಂಪು ಗೆರೆ ಮೂಡಿತ್ತು. ಕಣ್ಣಿನ ಕೊನೆಯಿಂದ ಇಳಿದ ಹಾಗೆ, ಸಣ್ಣಗೆ, ನೆಟ್ಟಗೆ.

"ಇಷ್ಟೇನಾ?"

"ಇಷ್ಟೇ. ಪಂಪು ಚೆನ್ನಾಗಿದೆ. ಪೈಪಿನ ತುದಿ ಗಟ್ಟಿಯಾಗಿದೆ, ಕ್ಲಿಪ್ ಸಡಿಲ. ಬೇರೆ ಕಾಯಿಲೆ ಇಲ್ಲ."

ಕಾಯಿಲೆ ಇಲ್ಲ ಎಂಬ ಮಾತನ್ನು ಗುಮಾಸ್ತರು ಎರಡನೆಯ ಸಲ ಕೇಳುತ್ತಿದ್ದರು. ಡಾಕ್ಟರು ಹೇಳಿದಾಗ ನಂಬಿರಲಿಲ್ಲ.

ಮೆಕ್ಯಾನಿಕ್ ಪೈಪು ಕಳಚಿ, ಗಟ್ಟಿಯಾಗಿದ್ದ ಬೆರಳಗಲದ ತುದಿಯನ್ನು ಕೊಯ್ಯಲು ಚಾಕು ಹಿಡಿದ. ಗುಮಾಸ್ತರು ಅವನ ಮೊಣಕೈ ಮುಟ್ಟಿದರು.

"ಪೂರ್ತಿ ಸರಿ ಮಾಡಲೇಬೇಕಾ?"

"ಅಂದ್ರೆ?"

"ಸ್ವಲ್ಪ ಬಿಡೋಕಾಗುತ್ತಾ? ವಾರಕ್ಕೆ ಎರಡು ಮುಚ್ಚಳ ಸೋರೋ ಅಷ್ಟು. ನಾನು ಹಾಕ್ಕೊಳ್ತೀನಿ. ಅಳತೆ ನಂಗೆ ಗೊತ್ತು. ಹತ್ತು ಮಿಲಿ."

ಸೈಲೆನ್ಸರ್ ಚಾಕುವಿನ ಅಲಗನ್ನು ಬಟ್ಟೆಗೆ ಒರೆಸಿದ.

"ಸೋರೋದನ್ನ ಕಂಡು ಬಿಡೋಕೆ ಕೈ ಬರಲ್ಲ ಸಾರ್. ನಾಳೆ ತಿರುವಲ್ಲಿ ಕಾರು ನಿಮ್ಮ ಮಾತು ಕೇಳದಿದ್ರೆ ಅಮ್ಮನವರು ನನ್ನ ಕೇಳ್ತಾರೆ." ಪೈಪನ್ನು ಕೊಯ್ದ. "ಶನಿವಾರ ಮುಚ್ಚಳ ತೆಗೆದು ನೋಡ್ತಾ ಇರಿ. ನೋಡೋದಕ್ಕೆ ಸೋರಲೇಬೇಕು ಅಂತೇನಿಲ್ಲ."

ಹೊಸ ಕ್ಲಿಪ್ ಬಿಗಿದ. ಡಬ್ಬಿಗೆ ಗುರುತಿನವರೆಗೆ ಎಣ್ಣೆ ತುಂಬಿದ. ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿ, ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತಾ ಹೋದ. ಡಬ್ಬಿಯೊಳಗೆ ನೊರೆ ಎದ್ದು, ಗುಳ್ಳೆಗಳು ಒಂದೊಂದಾಗಿ ಒಡೆದು, ಎಣ್ಣೆ ತಿಳಿಯಾಯಿತು. ಕೊನೆಗೆ ಹಲಗೆಯಿಂದ ಬಾಟಲಿ ಇಳಿಸಿ, ತುಂಬಿಸಿ, ಮುಚ್ಚಳ ಬಿಗಿದು ಕೈಗೆ ಕೊಟ್ಟ.

"ಇನ್ನು ಇದು ಬೇಕಾಗಲ್ಲ" ಎಂದರು ಗುಮಾಸ್ತರು.

"ಇರಲಿ ಸಾರ್."

ವಾಪಸು ಬರುವಾಗ ಮೂರು ತಿರುವುಗಳಲ್ಲೂ ಕಾರು ಉಸಿರೆತ್ತಲಿಲ್ಲ. ಸ್ಟೀರಿಂಗ್ ಬೆರಳಿನ ಮಾತು ಕೇಳುತ್ತಿತ್ತು. ಓಣಿಯ ತಿರುವಿನಲ್ಲಿ ಅಭ್ಯಾಸಬಲದಿಂದ ಕಿವಿ ನಿಮಿರಿಸಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರ್ ಕತ್ತರಿ ಹಿಡಿದೇ ಹೊರಗೆ ಬಂದ.

"ಅಳೋದು ನಿಲ್ಲಿಸಿದೆಯಲ್ಲ ಸಾರ್. ಹನ್ನೊಂದು ವರ್ಷ ಗ್ಯಾರೇಜು ನೋಡದ ಕಾರು ಅಂದ್ರೆ ಸುಮ್ಮನೇನಾ. ತಾನಾಗೇ ಸರಿಹೋಯ್ತು."

ಎಂದಿನ ಮಾತನ್ನು ಅವನೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಿತ್ತು. ಗುಮಾಸ್ತರು ಅದನ್ನು ತೆಗೆದುಕೊಂಡು ಹಾಗೇ ಒಳಗೆ ಹೋಗಬಹುದಿತ್ತು. ಕಾರಿನ ಬಾಗಿಲು ಮುಚ್ಚಿ, ಬಾಟಲಿ ಹಿಡಿದುಕೊಂಡು ನಿಂತರು.

"ಅದು ಅಳ್ತಿರಲಿಲ್ಲ. ಅದಕ್ಕೆ ಎರಡು ವರ್ಷದಿಂದ ಹುಷಾರಿರಲಿಲ್ಲ. ಅವಳು ನೋಡ್ಕೊಳ್ತಿದ್ಲು. ನಂಗೆ ಗೊತ್ತಿರಲಿಲ್ಲ. ಈಗ ಗ್ಯಾರೇಜಿಂದ ಬರ್ತಿದೀನಿ."

ಅಕ್ಕ ಬಾಗಿಲಿಗೆ ಬಂದು ಬಾಟಲಿಯನ್ನೂ ತಮ್ಮನನ್ನೂ ನೋಡಿದಳು.

"ಹಾಗಾದ್ರೆ ನನ್ನ ಮಂಡಿಗೆ ಹಚ್ಕೊಂಡಿದ್ದು?"

"ಕಾರಿನ ಎಣ್ಣೆ ಅಕ್ಕ."

ಅಕ್ಕ ಬಗ್ಗಿ ಮಂಡಿ ಮುಟ್ಟಿ ನೋಡಿಕೊಂಡಳು. "ಆದ್ರೂ ಹಗುರ ಆಗಿತ್ತು ಕಣೋ" ಎಂದಳು. ಆಮೇಲೆ ಶೆಡ್ಡಿಗೆ ಹೋಗಿ, ತಾನೇ ಇಟ್ಟಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಎಸೆದ ಅಟ್ಟೆಹಾಳೆಯ ಮೇಲಿದ್ದ ತಾರೀಖುಗಳು ಅವಳಿಗೆ ಆಗ ನೆನಪಾಗಿರಬೇಕು.

ಶನಿವಾರ ಬಂತು. ಗುಮಾಸ್ತರು ಸಂತೆ ತಪಾಸಣೆಗೆ ಹೋಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಊರಿನ ತಕ್ಕಡಿಗಳು ಅವತ್ತು ತಮಗೆ ಬೇಕಾದ ಹಾಗೆ ವಾಲಿಕೊಂಡಿದ್ದವು. ಅವರು ಬಾಟಲಿ ಹಿಡಿದು ಶೆಡ್ಡಿಗೆ ಹೋದರು. ಬಾನೆಟ್ ತೆಗೆದು, ಸಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿದರು. ಎಣ್ಣೆ ಗುರುತಿಗೆ ಸರಿಯಾಗಿತ್ತು, ಕೂದಲೆಳೆ ಕಡಿಮೆಯಿರಲಿಲ್ಲ. ನೆಲ ಒಣಗಿತ್ತು. ಹಾಕಲು ಏನೂ ಇಲ್ಲದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಡಬ್ಬಿ ಮುಚ್ಚಿ, ಡ್ರೈವರ್ ಸೀಟಿನಲ್ಲಿ ಕೂತು ಇಂಜಿನ್ ಹಾಕಿದರು.

ಸ್ಟೀರಿಂಗನ್ನು ಎಡದ ಕೊನೆಗೆ ತಂದರು. ಇನ್ನು ಒಂದು ಪದ್ಯದ ಉದ್ದಕ್ಕೆ ನಿಧಾನವಾಗಿ ಬಲಕ್ಕೆ ತಿರುಗಿಸಬೇಕು. ಯಾವ ಪದ್ಯ ಎಂದು ಅವರಿಗೆ ಗೊತ್ತಿರಲಿಲ್ಲ. ಅವಳು ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಏನೋ ಗುನುಗುತ್ತಿದ್ದಳು. ಅವರು ಪೇಪರ್ ಓದುತ್ತಿದ್ದರು.

ಕೈ ಸ್ಟೀರಿಂಗಿನ ಮೇಲೇ ಇತ್ತು. ತಿರುಗಲಿಲ್ಲ.

ಗೋಡೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರ್ ಗಂಟಲು ಸರಿಮಾಡಿಕೊಂಡ. ಅವನಿಗೆ ರಾಗ ಬರುತ್ತಿರಲಿಲ್ಲ, ಆದರೆ ಎರಡು ವರ್ಷ ವಾರ ತಪ್ಪದೆ ಕೇಳಿದ ಪದ್ಯ ಕಿವಿಯಲ್ಲಿ ಕೂತಿತ್ತು. ದೇವರೇ, ನಾನು ನಿನ್ನನ್ನು ಮರೆತ ಹೊತ್ತಿನಲ್ಲೂ ನೀನು ನನ್ನ ಪಕ್ಕದಲ್ಲೇ ಇದ್ದೆಯಲ್ಲ ಎಂಬ ಅರ್ಥದ ನಾಲ್ಕು ಸಾಲು. ಆಕೆ ಎಳೆಯುತ್ತಿದ್ದ ಕಡೆ ಎಳೆದು, ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿ ಹೇಳಿದ. ಗುಮಾಸ್ತರ ಕೈ ಮೆಲ್ಲಗೆ ತಿರುಗುತ್ತಾ ಹೋಯಿತು. ಪದ್ಯ ಮುಗಿಯುವುದಕ್ಕೂ ಸ್ಟೀರಿಂಗ್ ಬಲದ ಕೊನೆ ಮುಟ್ಟುವುದಕ್ಕೂ ಸರಿಹೋಯಿತು.

ಕಾರು ನರಳಲಿಲ್ಲ. ಆದರೂ ಶೆಡ್ಡಿನೊಳಗಿಂದ ಒಂದು ಸದ್ದು ಎದ್ದಿತು, ಊಂ ಎಂದು ಸಣ್ಣಗೆ ಶುರುವಾಗಿ, ಮೆಲ್ಲಮೆಲ್ಲಗೆ ಜೋರಾಗುತ್ತಾ.

ಓಣಿಯ ಸುದ್ದಿಯೆಲ್ಲ ಹೊಲಿದು ಹಂಚುವ ಟೈಲರ್ ಆ ಕಡೆ ನೋಡಲಿಲ್ಲ. ಕಿಟಕಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಯಾರಿಗೂ ಬೇರೇನೂ ಕೇಳದ ಹಾಗೆ, ಯಂತ್ರವನ್ನು ಜೋರಾಗಿ ತುಳಿಯತೊಡಗಿದ. ಬಹಳ ಹೊತ್ತು ತುಳಿದ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.